ಹಳೆಯ ಕ್ಯಾಮ್‌ಕಾರ್ಡರ್ ಟೇಪುಗಳನ್ನು ಡಿ.ವಿ.ಡಿ.ಗೆ ವರ್ಗಾಯಿಸುವುದು: ಚಿತ್ರದ ಗುಣಮಟ್ಟ ಕುಂದದಂತೆ ವಹಿಸಬೇಕಾದ ಕ್ರಮಗಳು

ಮಂಗಳೂರು ನಗರದ ನಂತೂರು, ಕದ್ರಿ, ಬಿಕರ್ನಕಟ್ಟೆ ಮುಂತಾದ ಪ್ರದೇಶಗಳ ಅನೇಕ ಮನೆಗಳಲ್ಲಿ 1980ರ ದಶಕದ ಕೊನೆಯಿಂದ 2000ದ ದಶಕದವರೆಗೆ ಚಿತ್ರೀಕರಿಸಿದ ವಿಡಿಯೋ ಟೇಪುಗಳು ಇಂದಿಗೂ ಕಪಾಟುಗಳಲ್ಲಿ ಉಳಿದಿವೆ. ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿದ್ದವರು ರಜೆಯಲ್ಲಿ ಊರಿಗೆ ಬರುವಾಗ ತಂದ ಕ್ಯಾಮ್‌ಕಾರ್ಡರ್‌ಗಳಲ್ಲಿ ಮದುವೆ, ರೋಸ್, ಗೃಹಪ್ರವೇಶ, ಕುಟುಂಬದ ನೇಮ, ಬಯಲಾಟ ಮೊದಲಾದವು ದಾಖಲಾದವು. ತೀರಿಕೊಂಡ ಹಿರಿಯರ ನಡೆನುಡಿ ಹಲವು ಕುಟುಂಬಗಳಲ್ಲಿ ಈ ಟೇಪುಗಳ ಹೊರತು ಬೇರೆಲ್ಲಿಯೂ ಇಲ್ಲ. ಸುರತ್ಕಲ್–ನಂತೂರು–ಬಿ.ಸಿ.ರೋಡ್ ಹೆದ್ದಾರಿಯು ಚತುಷ್ಪಥವಾಗುವ ಮುನ್ನ ನಂತೂರು ವೃತ್ತ ಹೇಗಿತ್ತು ಎಂಬುದೂ ಯಾವುದೋ ಮದುವೆ ದಿಬ್ಬಣದ ಹಿನ್ನೆಲೆಯಲ್ಲಿ ಅಡಗಿರಬಹುದು.

ಇಂತಹ ದಾಖಲೆಯ ಬೆಲೆಯು ಮನೆಯ ಮಟ್ಟಿಗೆ ಸೀಮಿತವಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಯಕ್ಷಗಾನ ಮತ್ತು ಭೂತಾರಾಧನೆಯ ಪ್ರದರ್ಶನಗಳನ್ನು ಟೇಪುಗಳಲ್ಲಿ ಸಂಗ್ರಹಿಸಿತು. ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರ ಸಹಯೋಗದಲ್ಲಿ 1990ರಲ್ಲಿ ಧ್ವನಿಮುದ್ರಿಸಿಕೊಂಡುದರಿಂದಲೇ 15,683 ಸಾಲುಗಳ ಆ ತುಳು ಕಾವ್ಯವು 1998ರಲ್ಲಿ ಗ್ರಂಥರೂಪ ಪಡೆಯಿತು. ಕಲಾವಿದರ ಮಾಸಾಶನದಂತಹ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವವರು ತಮ್ಮ ಕಲಾಸೇವೆಗೆ ದಾಖಲೆ ಹುಡುಕುವಾಗ ಬಯಲಾಟದ ಹಳೆಯ ಟೇಪೊಂದು ನೆರವಾಗಬಹುದು. ಆದರೆ ಅದು ಓಡುವ ಸ್ಥಿತಿಯಲ್ಲಿರಬೇಕು.

ಡಿ.ವಿ.ಡಿ. ಮಾಡಿಸಿದ ಮೇಲೆ ಚಿತ್ರ ಮಸುಕಾಗಿದೆ, ಚಲನೆಯಿದ್ದೆಡೆ ಚೌಕಚೌಕವಾಗಿ ಒಡೆಯುತ್ತದೆ ಎಂದು ಸಾರ್ವಜನಿಕರು ಹೇಳುವುದುಂಟು. ಇದಕ್ಕೆ ಡಿಸ್ಕಿನ ಕಂಪನಿಯನ್ನು ದೂರುವುದು ಸಾಮಾನ್ಯ. ವಾಸ್ತವವಾಗಿ ಬಹುಪಾಲು ನಷ್ಟ ಸಂಭವಿಸುವುದು ಎರಡು ಹಂತಗಳಲ್ಲಿ: ಟೇಪನ್ನು ಓಡಿಸುವಾಗ ಮತ್ತು ಚಿತ್ರವನ್ನು ಡಿಸ್ಕಿನ ಅಳತೆಗೆ ಕುಗ್ಗಿಸುವಾಗ. ಆದ್ದರಿಂದ ಮೊದಲು ಟೇಪಿನಿಂದ ಪೂರ್ಣ ಗುಣಮಟ್ಟದ ಮೂಲ ಕಡತವನ್ನು ಗಣಕಯಂತ್ರಕ್ಕೆ ಪಡೆದು, ಡಿ.ವಿ.ಡಿ.ಯನ್ನು ಆ ಕಡತದ ನಕಲಾಗಿ ಮಾತ್ರ ತಯಾರಿಸುವುದು ಸೂಕ್ತ. ಟೇಪಿನಿಂದ ನೇರವಾಗಿ ಡಿಸ್ಕಿಗೆ ಬರೆದುಬಿಟ್ಟರೆ ಆಗ ಕಳೆದುಹೋದ ವಿವರವನ್ನು ಮರಳಿ ಪಡೆಯಲಾಗದು.

ಟೇಪಿನ ಸ್ಥಿತಿ ಪರಿಶೀಲನೆ

ವಿಡಿಯೋ ಟೇಪು ಎಂದರೆ ತೆಳುವಾದ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ಕಾಂತೀಯ ಕಣಗಳು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಮಂಗಳೂರಿನ ತೇವಾಂಶವು ಈ ಅಂಟನ್ನು ಕ್ರಮೇಣ ಸಡಿಲಗೊಳಿಸುತ್ತದೆ. ಜೊತೆಗೆ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಪಾರದರ್ಶಕ ಕಿಂಡಿಯಿಂದ ಟೇಪಿನ ಸುರುಳಿಯ ಅಂಚನ್ನು ಬೆಳಕಿನಲ್ಲಿ ನೋಡಬೇಕು. ಬಿಳಿಯ ಹುಡಿ ಅಥವಾ ಎಳೆಗಳು ಕಂಡಲ್ಲಿ ಅಂತಹ ಟೇಪನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕಬಾರದು. ಬೂಷ್ಟು ಯಂತ್ರದ ಹೆಡ್‌ಗೆ ಅಂಟಿಕೊಂಡು, ಅನಂತರ ಹಾಕುವ ಒಳ್ಳೆಯ ಟೇಪುಗಳಿಗೂ ಹರಡುತ್ತದೆ; ಟೇಪು ಹರಿಯಲೂಬಹುದು. ಅದನ್ನು ಪ್ರತ್ಯೇಕವಾಗಿ ಇರಿಸಿ ಅನುಭವಿಗಳಿಂದ ಶುಚಿಗೊಳಿಸಬೇಕು. ಬಿಸಿಲಿಗೆ ಒಣಗಿಸುವುದು, ಒಲೆಯ ಬಳಿ ಇಡುವುದು ಇತ್ಯಾದಿ ಮನೆಮದ್ದುಗಳಿಂದ ಹಾನಿಯೇ ಹೆಚ್ಚು.

ಬೂಷ್ಟಿಲ್ಲದ ಟೇಪಿನಲ್ಲಿ ಮೊದಲಿಗೆ ಅಳಿಸುವಿಕೆಯನ್ನು ತಡೆಯುವ ವ್ಯವಸ್ಥೆ ಮಾಡತಕ್ಕದ್ದು. ವಿ.ಎಚ್.ಎಸ್. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪ್ಲಾಸ್ಟಿಕ್ ಚೂರನ್ನು ಮುರಿದು ತೆಗೆಯಬೇಕು, 8 ಮಿ.ಮೀ. ಮತ್ತು ಮಿನಿ ಡಿ.ವಿ. ಕ್ಯಾಸೆಟ್ಟುಗಳಲ್ಲಿ ಚಿಕ್ಕ ಗುಂಡಿಯನ್ನು ಸರಿಸಿದರೆ ಸಾಕು. ನಂತರ ಕೊನೆಯವರೆಗೆ ಓಡಿಸಿ ಮರಳಿ ಸುತ್ತಬೇಕು. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿದ್ದ ಟೇಪಿನ ಬಿಗಿತ ಇದರಿಂದ ಸಮನಾಗುತ್ತದೆ. ಮಳೆಗಾಲಕ್ಕಿಂತ ಜನವರಿ–ಫೆಬ್ರವರಿಯಲ್ಲಿ ಈ ಕೆಲಸ ಮಾಡಿಸುವುದು ಒಳಿತು.

ಟೇಪಿನ ಬಗೆ ಮತ್ತು ಓಡಿಸುವ ಯಂತ್ರ

ಕೈಯಲ್ಲಿರುವ ಟೇಪು ಯಾವ ಬಗೆಯದು ಎಂಬುದರ ಮೇಲೆ ಮುಂದಿನದೆಲ್ಲ ಅವಲಂಬಿತವಾಗಿದೆ. ವಿ.ಎಚ್.ಎಸ್., ಅದರ ಚಿಕ್ಕ ರೂಪವಾದ ವಿ.ಎಚ್.ಎಸ್.-ಸಿ, 1985ರಲ್ಲಿ ಬಂದ ವಿಡಿಯೋ 8 ಮತ್ತು 1989ರ ಹೈ 8 ಇವು ಅನಲಾಗ್ ಟೇಪುಗಳು. 1995ರ ಮಿನಿ ಡಿ.ವಿ. ಹಾಗೂ 1999ರ ಡಿಜಿಟಲ್ 8 ಟೇಪುಗಳಲ್ಲಿ ಚಿತ್ರವು ಅಂಕಿಗಳ ರೂಪದಲ್ಲಿಯೇ ಇರುತ್ತದೆ.

ಅಂಕಿ ರೂಪದ ಟೇಪು ಇದ್ದವರು ಅದೃಷ್ಟವಂತರೆನ್ನಬೇಕು. ಕ್ಯಾಮ್‌ಕಾರ್ಡರನ್ನು ಫೈರ್‌ವೈರ್ ತಂತಿಯಿಂದ ಗಣಕಯಂತ್ರಕ್ಕೆ ಜೋಡಿಸಿದಾಗ ಟೇಪಿನಲ್ಲಿರುವ ಅಂಕಿಗಳೇ ಯಥಾವತ್ತಾಗಿ ನಕಲಾಗುತ್ತವೆ. ಟೇಪು ಸುಸ್ಥಿತಿಯಲ್ಲಿದ್ದರೆ ಚಿತ್ರ ಕಿಂಚಿತ್ತೂ ಕುಂದುವುದಿಲ್ಲ. ಒಂದು ಗಂಟೆಯ ಟೇಪಿಗೆ ಸುಮಾರು 13 ಜಿ.ಬಿ. ಸ್ಥಳ ಬೇಕಾಗುತ್ತದೆ. ಇದೇ ಟೇಪನ್ನು ಹಳದಿ–ಬಿಳಿ–ಕೆಂಪು ತಂತಿಯ ಮೂಲಕ ಡಿ.ವಿ.ಡಿ. ರೆಕಾರ್ಡರಿಗೆ ಹರಿಸುವ ರೂಢಿ ಇದೆ. ಹಾಗೆ ಮಾಡಿದರೆ ಅಂಕಿಗಳು ಅನಲಾಗ್ ಆಗಿ ಬದಲಾಗಿ ಪುನಃ ಅಂಕಿಗಳಾಗುತ್ತವೆ, ಇದು ಅನಗತ್ಯ ನಷ್ಟ. ಇತ್ತೀಚಿನ ಗಣಕಯಂತ್ರಗಳಲ್ಲಿ ಫೈರ್‌ವೈರ್ ಕಿಂಡಿ ಇರುವುದಿಲ್ಲವಾದ್ದರಿಂದ ಹಳೆಯ ಗಣಕಯಂತ್ರ ಅಥವಾ ಪ್ರತ್ಯೇಕ ಕಾರ್ಡ್ ಬೇಕಾಗುತ್ತದೆ.

ಅನಲಾಗ್ ಟೇಪುಗಳಲ್ಲಿ ಒಂದು ನಕಲಿನಿಂದ ಇನ್ನೊಂದು ನಕಲು ತೆಗೆದಂತೆಲ್ಲ ಚಿತ್ರ ಕೆಡುತ್ತದೆ. ಮದುವೆಯ ಚಿತ್ರೀಕರಣವಾದರೆ, ಬಂಧುಗಳಿಗೆ ಹಂಚಿದ ವಿ.ಎಚ್.ಎಸ್. ಪ್ರತಿಗಿಂತ ಕ್ಯಾಮ್‌ಕಾರ್ಡರಿನಲ್ಲಿದ್ದ ಮೂಲ ಟೇಪನ್ನೇ ಹುಡುಕುವುದು ಲೇಸು. ಚಿತ್ರೀಕರಿಸಿದ ಅದೇ ಕ್ಯಾಮ್‌ಕಾರ್ಡರ್ ಇನ್ನೂ ಓಡುತ್ತಿದ್ದರೆ ಹಲವು ಬಾರಿ ಅದರಲ್ಲಿಯೇ ಚಿತ್ರ ಸ್ಥಿರವಾಗಿ ಬರುತ್ತದೆ. ವಿಡಿಯೋ 8 ಟೇಪುಗಳು ಹೈ 8 ಯಂತ್ರದಲ್ಲಿ ಓಡುತ್ತವೆ. ಡಿಜಿಟಲ್ 8 ಕ್ಯಾಮ್‌ಕಾರ್ಡರ್‌ಗಳ ಕೆಲವು ಮಾದರಿಗಳು ಈ ಎರಡನ್ನೂ ಓಡಿಸಿ ಫೈರ್‌ವೈರ್ ಮೂಲಕ ಹೊರಕೊಡುತ್ತವೆ. ಯಂತ್ರದಲ್ಲಿ ಎಸ್-ವಿಡಿಯೋ ಕಿಂಡಿ ಇದ್ದರೆ ಹಳದಿ ತಂತಿಯ ಬದಲು ಅದನ್ನೇ ಬಳಸಬೇಕು. ಇದರಲ್ಲಿ ಬೆಳಕಿನ ಮತ್ತು ಬಣ್ಣದ ಸಂಕೇತಗಳು ಬೇರೆಬೇರೆಯಾಗಿ ಸಾಗುವುದರಿಂದ ಅಂಚುಗಳಲ್ಲಿ ಬಣ್ಣ ಕದಡುವುದಿಲ್ಲ. ಚಿತ್ರದ ಮೇಲ್ಭಾಗ ಬಾಗಿದಂತೆ, ನೆಟ್ಟಗಿನ ಕಂಬಗಳು ಅಲುಗಿದಂತೆ ಕಂಡರೆ ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣದಿಂದ ಸರಿಪಡಿಸಲು ಸಾಧ್ಯ.

ಭಾರತದ ಟೇಪುಗಳು ಪಾಲ್ ಪದ್ಧತಿಯವು. ಅಮೆರಿಕದಿಂದ ಬಂದ ಟೇಪುಗಳು ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿರುತ್ತವೆ, ಅವುಗಳನ್ನು ಪಾಲ್‌ಗೆ ಬದಲಿಸದೆ ಅದೇ ಪದ್ಧತಿಯಲ್ಲಿ ಉಳಿಸುವುದು ಸರಿ.

ಪಾಲ್ ಚಿತ್ರವು ಸೆಕೆಂಡಿಗೆ 50 ಅರ್ಧಚಿತ್ರಗಳಿಂದ ಕೂಡಿದ್ದು, ಬೆಸ ಸಾಲುಗಳು ಒಮ್ಮೆ, ಸಮ ಸಾಲುಗಳು ಇನ್ನೊಮ್ಮೆ ಮೂಡುತ್ತವೆ. ಡಿ.ವಿ.ಡಿ.ಯೂ ಇದೇ ಕ್ರಮವನ್ನು ಒಪ್ಪುತ್ತದೆ. ಆದುದರಿಂದ 720×576 ಅಳತೆಯನ್ನೂ ಅರ್ಧಚಿತ್ರಗಳನ್ನೂ ಹಾಗೆಯೇ ಇರಿಸಬೇಕು. ಅವುಗಳ ಸರದಿ ಅದಲುಬದಲಾದರೆ ಕುಣಿಯುವ ವೇಷಧಾರಿಯು ಪ್ರತಿ ಹೆಜ್ಜೆಗೂ ಹಿಂದೆಮುಂದೆ ನಡುಗಿದಂತೆ ಕಾಣುತ್ತಾನೆ. ಹಲವರು ಇದನ್ನು ಟೇಪಿನ ದೋಷವೆಂದು ಭಾವಿಸುತ್ತಾರೆ.

ಒಂದು ಡಿ.ವಿ.ಡಿ.ಯಲ್ಲಿ ಎಷ್ಟು ಗಂಟೆ?

ಗುಣಮಟ್ಟ ಹೆಚ್ಚಾಗಿ ಕೆಡುವುದು ಇಲ್ಲಿಯೇ. ಸಾಮಾನ್ಯ ಡಿ.ವಿ.ಡಿ.ಯ ಸಾಮರ್ಥ್ಯ 4.7 ಜಿ.ಬಿ. ಒಂದು ಗಂಟೆಯ ಚಿತ್ರವನ್ನಷ್ಟೇ ಬರೆದರೆ ಸೆಕೆಂಡಿಗೆ ಸುಮಾರು 8 ಮೆಗಾಬಿಟ್ ಒದಗುತ್ತದೆ. ಎರಡು ಗಂಟೆಯಾದರೆ ಧ್ವನಿಯೂ ಸೇರಿ 5 ಮೆಗಾಬಿಟ್, ನಾಲ್ಕು ಗಂಟೆ ತುಂಬಿದರೆ ಎರಡೂವರೆ. ಹಳೆಯ ಟೇಪಿನಲ್ಲಿರುವ ಸಣ್ಣ ಚುಕ್ಕೆಗಳ ಗದ್ದಲವೂ ಈ ಪಾಲಿನಲ್ಲಿ ಭಾಗ ಕೇಳುತ್ತದೆ. ಆದ್ದರಿಂದ ಹೊಸ ಚಲನಚಿತ್ರಕ್ಕೆ ಸಾಲುವ ಅಳತೆ ಮದುವೆಯ ಟೇಪಿಗೆ ಸಾಲುವುದಿಲ್ಲ. ಮೂರು ಟೇಪುಗಳನ್ನು ಒಂದೇ ಡಿಸ್ಕಿನಲ್ಲಿ ಅಡಕ ಮಾಡುವುದು ಅಗ್ಗವೆನಿಸಿದರೂ ಮುಖಗಳ ವಿವರ ಮಾಸಿಹೋಗುತ್ತದೆ. ಒಂದು ಟೇಪಿಗೆ ಒಂದು ಡಿಸ್ಕ್ ಎಂಬುದೇ ಸರಿಯಾದ ಲೆಕ್ಕ. ರಾತ್ರಿಯ ಬಯಲಾಟ, ನೇಮಗಳ ಮಂದ ಬೆಳಕಿನ ಟೇಪುಗಳಿಗೆ ಇದು ಇನ್ನಷ್ಟು ಅನ್ವಯಿಸುತ್ತದೆ.

ಬರೆಯಬಹುದಾದ ಡಿಸ್ಕಿನ ಬಣ್ಣದ ಪದರವೂ ಶಾಶ್ವತವಲ್ಲ. ಮೂಲ ಕಡತವನ್ನು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇರಿಸಿ, ಒಂದನ್ನು ಬೇರೆ ಮನೆಯಲ್ಲಿ ಇಡುವುದು ಕ್ಷೇಮ.

ಸ್ಟುಡಿಯೋಗೆ ನೀಡುವಾಗ

ಮನೆಯಲ್ಲಿ ಯಂತ್ರವಿಲ್ಲದವರು ಖಾಸಗಿ ಸ್ಟುಡಿಯೋಗಳನ್ನು ಅವಲಂಬಿಸುವುದು ಅನಿವಾರ್ಯ. ಎಲ್ಲ ಟೇಪುಗಳನ್ನು ಒಮ್ಮೆಲೇ ಒಪ್ಪಿಸದೆ, ಹೆಚ್ಚು ಮುಖ್ಯವಲ್ಲದ ಒಂದನ್ನು ಮೊದಲು ಕೊಟ್ಟು ಫಲಿತಾಂಶವನ್ನು ದೊಡ್ಡ ಪರದೆಯಲ್ಲಿ ನೋಡುವುದು ಜಾಣತನ. ಯಾವ ತಂತಿಯಿಂದ ವರ್ಗಾಯಿಸುತ್ತಾರೆ, ಒಂದು ಡಿಸ್ಕಿಗೆ ಎಷ್ಟು ಗಂಟೆ ಬರೆಯುತ್ತಾರೆ, ಮೂಲ ಕಡತವನ್ನು ಹಾರ್ಡ್‌ಡಿಸ್ಕಿಗೆ ಹಾಕಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ, ಟೇಪುಗಳ ಸಂಖ್ಯೆ ನಮೂದಿಸಿದ ರಸೀದಿ ಪಡೆಯತಕ್ಕದ್ದು. ಹಿನ್ನೆಲೆಗೆ ಚಿತ್ರಗೀತೆ ಸೇರಿಸಿಕೊಡುವುದಾಗಿ ಹೇಳಿದರೆ ನಿರಾಕರಿಸುವುದು ಮೇಲು. ಅಜ್ಜಿಯ ಮಾತು ಹಾಡಿನಡಿ ಮುಚ್ಚಿಹೋದರೆ ಟೇಪು ಉಳಿಸಿದ ಪ್ರಯೋಜನವೇ ಇರದು.

ಈ ಕೆಲಸವನ್ನು ಬಹುಕಾಲ ಮುಂದೂಡುವಂತಿಲ್ಲ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನೈ 2016ರ ಜುಲೈಯಲ್ಲಿ ಉತ್ಪಾದನೆ ನಿಲ್ಲಿಸಿತು. ಬಿಡಿಭಾಗಗಳು ಮತ್ತು ರಿಪೇರಿ ಬಲ್ಲವರು ವಿರಳರಾಗುತ್ತಿದ್ದಾರೆ. ಟೇಪು ಉಳಿದರೂ ಅದನ್ನು ಓಡಿಸುವ ಯಂತ್ರ ಉಳಿಯದಿರುವ ಸಂಭವವಿದೆ.

ದಾಖಲೆಯಾಗಿ ಹಾಜರುಪಡಿಸುವವರ ಗಮನಕ್ಕೆ

ಆಸ್ತಿ, ಮದುವೆ ಮುಂತಾದ ವ್ಯಾಜ್ಯಗಳಲ್ಲಿ ಟೇಪಿನ ನಕಲನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವವರು ಅದನ್ನು ಕತ್ತರಿಸಿ ಜೋಡಿಸದೆ, ಬಣ್ಣ ತಿದ್ದದೆ ಪೂರ್ಣವಾಗಿ ವರ್ಗಾಯಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣದ ಪ್ರಕಾರ ವಿದ್ಯುನ್ಮಾನ ದಾಖಲೆಯ ನಕಲಿನೊಂದಿಗೆ ನಿಗದಿತ ನಮೂನೆಯ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಅದರ ಒಂದು ಭಾಗವನ್ನು ತಜ್ಞರು ಭರ್ತಿ ಮಾಡಬೇಕು. ಹಿಂದಿನ ಕಾಯಿದೆಯಲ್ಲಿ ಇದು 65ಬಿ ಪ್ರಕರಣವಾಗಿತ್ತು. ವರ್ಗಾವಣೆ ಮಾಡಿದವರ ಹೆಸರು, ದಿನಾಂಕ, ಬಳಸಿದ ಯಂತ್ರ ಇವುಗಳನ್ನು ಬರೆದಿಟ್ಟುಕೊಂಡರೆ ಆಗ ಅನುಕೂಲ. ಡಿ.ವಿ.ಡಿ. ಸಿದ್ಧವಾದ ಮಾತ್ರಕ್ಕೆ ಮೂಲ ಟೇಪನ್ನು ಎಸೆಯಬಾರದು. ಪೂರ್ತಿ ಸುತ್ತಿ, ನೆಟ್ಟಗೆ ನಿಲ್ಲಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿ, ಸ್ಪೀಕರ್‌ಗಳಿಂದ ದೂರವಾಗಿ ಇರಿಸತಕ್ಕದ್ದು. ಪೊಟ್ಟಣವನ್ನು ಪ್ರತಿ ಮಳೆಗಾಲಕ್ಕೆ ಮುನ್ನ ಬದಲಿಸಬೇಕು.