ಸಂಬಳ ನಿಂತಾಗ ಮನೆಸಾಲದ ಕಂತು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದರೆ ನಮ್ಮ ಮಕ್ಕಳು ಮದುವೆಯ ಬಗ್ಗೆ ಒಂದು ಪುಟ ಬರೆಯುತ್ತಾರೆ, ಮನೆಯ ಬಗ್ಗೆ ಎರಡು ಸಾಲು. ಇದರಲ್ಲಿ ಆಶ್ಚರ್ಯವೇನಿಲ್ಲ. ಇಂಟರ್‌ನ್ಯಾಷನಲ್ ಸಿಟಿಯ ಚೀನಾ, ಫ್ರಾನ್ಸ್, ಪರ್ಷಿಯಾ ಕ್ಲಸ್ಟರ್‌ಗಳ ಬಾಡಿಗೆ ಫ್ಲ್ಯಾಟ್‌ಗಳಲ್ಲಿ ಬೆಳೆಯುವ ಮಕ್ಕಳಿಗೆ 'ಊರಿನ ಮನೆ' ಎಂದರೆ ರಜೆಯಲ್ಲಿ ಕೆಲವು ವಾರ ಇದ್ದು ಬರುವ ಜಾಗ. ಆ ಮನೆ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತದೆ, ಅದರ ಮೂಲ ಪತ್ರಗಳು ಬ್ಯಾಂಕಿನ ಕಪಾಟಿನಲ್ಲಿರುತ್ತವೆ, ಕಂತು ಮಾತ್ರ ಪ್ರತಿ ತಿಂಗಳು ಇಲ್ಲಿಯ ಸಂಬಳದಿಂದ ಹೋಗುತ್ತದೆ. ಇಲ್ಲಿಯ ಸಂಬಳ ನಿಂತರೆ ಅಲ್ಲಿಯ ಮನೆಯ ಗತಿ ಏನು? ಯಾವುದಾದರೂ ಸರಕಾರ ನೆರವಿಗೆ ಬರುತ್ತದೆಯೇ?

ಭಾಷೆ ಕಲಿಸುವ ನಾವು ಹಣಕಾಸಿನ ಗೊಡವೆಗೆ ಏಕೆ ಬಂದೆವು ಎಂದು ಪೋಷಕರು ಕೇಳಬಹುದು. ಈ ವಿಷಯದಲ್ಲಿ ಅರ್ಧ ತೊಂದರೆ ಪದಗಳಿಂದಲೇ ಹುಟ್ಟುತ್ತದೆ. ಮನ್ನಾ, ಮುಂದೂಡಿಕೆ, ಸಹಾಯಧನ, ವಿಮೆ ಎಂಬ ನಾಲ್ಕು ಪದಗಳನ್ನು ನಾವು ಮಾತಿನಲ್ಲಿ ಬೆರೆಸಿಬಿಡುತ್ತೇವೆ. ಮನ್ನಾ ಎಂದರೆ ಸಾಲವೇ ಇಲ್ಲವಾಗುವುದು. ಮುಂದೂಡಿಕೆ ಎಂದರೆ ಸಾಲ ಹಾಗೆಯೇ ಇದ್ದು ಕಟ್ಟುವ ದಿನ ಮಾತ್ರ ಮುಂದೆ ಹೋಗುವುದು. ಸಹಾಯಧನವೆಂದರೆ ಹಿಂದಿರುಗಿಸಬೇಕಾಗಿಲ್ಲದ ಹಣ. ವಿಮೆ ನಾವೇ ಮೊದಲು ಕಟ್ಟಿ, ಆಮೇಲೆ ಕೇಳಿ ಪಡೆಯುವ ಹಣ. ಕರ್ನಾಟಕದಲ್ಲಿ 2018ರ ರೈತರ ಸಾಲ ಮನ್ನಾದ ಸುದ್ದಿ ಕೇಳಿದ ಕಿವಿಗೆ 2020ರಲ್ಲಿ 'ಕಂತು ಕಟ್ಟಬೇಕಾಗಿಲ್ಲ' ಎಂಬ ಮಾತು ಬಿದ್ದಾಗ, ಅದೂ ಮನ್ನಾ ಎಂದೇ ತಿಳಿದವರಿದ್ದರು.

ನಿಜವಾದ ಸಹಾಯಧನದ ದೊಡ್ಡ ಉದಾಹರಣೆ ಅಮೆರಿಕದ್ದು. ಕೊರೋನಾದಿಂದ ಆದಾಯ ಕಳೆದುಕೊಂಡ ಮನೆ ಮಾಲೀಕರಿಗಾಗಿ 2021ರ ಮಾರ್ಚ್‌ನಲ್ಲಿ ಅಲ್ಲಿಯ ಸರಕಾರ ಸುಮಾರು 1,000 ಕೋಟಿ ಡಾಲರುಗಳ ನಿಧಿ ತೆಗೆದಿರಿಸಿತು. ರಾಜ್ಯಗಳು ಅರ್ಜಿ ಪಡೆದು, ಬಾಕಿ ಕಂತು, ಆಸ್ತಿ ತೆರಿಗೆ, ಮನೆಯ ವಿಮೆಗಳಿಗೆ ಹಣ ಕೊಟ್ಟವು. ಈಗ ಹೆಚ್ಚಿನ ರಾಜ್ಯಗಳು ಅರ್ಜಿ ಪಡೆಯುವುದನ್ನು ನಿಲ್ಲಿಸಿವೆ. ಅಲ್ಲಿರುವ ನೆಂಟರಿಂದ ಇದನ್ನು ಕೇಳಿದವರು 'ನಮಗೂ ಅಂಥದ್ದು ಇರಬೇಕಲ್ಲ' ಎಂದುಕೊಳ್ಳುವುದು ಸಹಜ. ಯು.ಎ.ಇ.ಯಲ್ಲಿ ಇಲ್ಲಿಯ ನಾಗರಿಕರಿಗೆ ಸರಕಾರದ ವಸತಿ ಯೋಜನೆಗಳಿವೆ, ಹೊರಗಿನಿಂದ ಬಂದ ನಮಗೆ ಅವು ಅನ್ವಯಿಸುವುದಿಲ್ಲ. ಭಾರತೀಯ ದೂತಾವಾಸಗಳಲ್ಲಿ 2009ರಿಂದ ಇರುವ ಸಮುದಾಯ ಕಲ್ಯಾಣ ನಿಧಿ ಸಂಕಷ್ಟದಲ್ಲಿ ಸಿಲುಕಿದವರ ಊಟ ವಸತಿಗೆ, ಊರಿಗೆ ಮರಳುವ ವಿಮಾನ ಟಿಕೆಟಿಗೆ ನೆರವಾಗುತ್ತದೆ. ಮನೆಸಾಲ ಅದರ ವ್ಯಾಪ್ತಿಗೆ ಬರುವುದಿಲ್ಲ.

ಹಾಗಾದರೆ ಭಾರತದಲ್ಲಿ ನಡೆದದ್ದೇನು? 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಮೂರು ತಿಂಗಳ ಕಂತು ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು, ನಂತರ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಒಟ್ಟು ಆರು ತಿಂಗಳು. ಆದರೆ ಬಡ್ಡಿಯ ಗಡಿಯಾರ ನಿಲ್ಲಲಿಲ್ಲ. ಎಂಟನೇ ತರಗತಿಯಲ್ಲಿ ಚಕ್ರಬಡ್ಡಿ ಕಲಿತ ಮಕ್ಕಳು ಪೆನ್ಸಿಲ್ ತೆಗೆದುಕೊಂಡು ನಮ್ಮ ಜೊತೆ ಲೆಕ್ಕ ಮಾಡಲಿ.

30 ಲಕ್ಷ ರೂಪಾಯಿ ಸಾಲ, ಶೇ. 8 ಬಡ್ಡಿ, 20 ವರ್ಷ, ಅಂದರೆ 240 ಕಂತು ಎಂದಿಟ್ಟುಕೊಳ್ಳೋಣ. ತಿಂಗಳ ಕಂತು 25,093 ರೂ. ಅದರಲ್ಲಿ ಮೊದಲ ತಿಂಗಳ ಬಡ್ಡಿಯೇ 20,000 ರೂ. ಸಾಲದ ಆರಂಭದಲ್ಲಿಯೇ ಆರು ತಿಂಗಳು ಕಟ್ಟದೆ ಬಿಟ್ಟರೆ ಬಡ್ಡಿ ಅಸಲಿಗೆ ಸೇರುತ್ತಾ ಹೋಗಿ ಬಾಕಿ 31,22,018 ರೂ. ಆಗುತ್ತದೆ. ಕಂತಿನ ಮೊತ್ತ ಹೆಚ್ಚಿಸದೆ ಇದನ್ನು ತೀರಿಸಲು ಇನ್ನು 266 ಕಂತು ಬೇಕು. ಬಿಟ್ಟದ್ದು 6 ಕಂತು, ಸುಮಾರು ಒಂದೂವರೆ ಲಕ್ಷ. ಹೆಚ್ಚಾಗಿ ಕಟ್ಟಬೇಕಾದದ್ದು 26 ಕಂತು, ಸುಮಾರು ಆರೂವರೆ ಲಕ್ಷ! ಅದೇ ಸಾಲದಲ್ಲಿ ಕೊನೆಯ 60 ಕಂತುಗಳಷ್ಟೇ ಉಳಿದಿರುವಾಗ ಆರು ತಿಂಗಳು ಬಿಟ್ಟರೆ ಹೆಚ್ಚುವರಿ ಬರುವುದು ಸುಮಾರು 3 ಕಂತು ಮಾತ್ರ. ಒಂದೇ ಮುಂದೂಡಿಕೆ ಹೊಸ ಸಾಲಗಾರನಿಗೆ ಎಷ್ಟು ದುಬಾರಿ, ಹಳೆಯ ಸಾಲಗಾರನಿಗೆ ಎಷ್ಟು ಅಗ್ಗ ಎಂಬುದನ್ನು ಮಕ್ಕಳು ಗಮನಿಸಬೇಕು.

ಬಡ್ಡಿಯ ಮೇಲೆ ಬಡ್ಡಿ ಹಾಕುವುದು ನ್ಯಾಯವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ, 2 ಕೋಟಿ ರೂ.ವರೆಗಿನ ಸಾಲಗಳಿಗೆ ಆ ಆರು ತಿಂಗಳ ಚಕ್ರಬಡ್ಡಿ ಮತ್ತು ಸರಳಬಡ್ಡಿಯ ನಡುವಿನ ವ್ಯತ್ಯಾಸವನ್ನು ತಾನೇ ಕೊಡುವುದಾಗಿ ಪ್ರಕಟಿಸಿತು. ಕಂತು ತಪ್ಪದೆ ಕಟ್ಟಿದವರಿಗೂ ಇದು ಸಿಕ್ಕಿತು. 2021ರ ಮಾರ್ಚ್ 23ರಂದು ಕೋರ್ಟು 2 ಕೋಟಿಯ ಮಿತಿಯನ್ನೂ ತೆಗೆದು, ಯಾರಿಂದಲೂ ಬಡ್ಡಿಯ ಮೇಲೆ ಬಡ್ಡಿ ಪಡೆಯಬಾರದೆಂದು ಹೇಳಿತು. ಮನೆಸಾಲಗಾರರಿಗೆ ಭಾರತದಲ್ಲಿ ಆ ಕಾಲದಲ್ಲಿ ಸಿಕ್ಕ ನಿಜವಾದ ಸಹಾಯಧನ ಎಂದರೆ ಇದು. ಎಷ್ಟು? ನಮ್ಮ ಲೆಕ್ಕದಲ್ಲಿ ಚಕ್ರಬಡ್ಡಿ 1,22,018, ಸರಳಬಡ್ಡಿ 1,20,000. ಸಹಾಯಧನ 2,018 ರೂ. ಮುಂದೂಡಿಕೆಯಿಂದ ಆ ಕಷ್ಟದ ದಿನಗಳಲ್ಲಿ ಅನೇಕ ಮನೆಗಳಲ್ಲಿ ಒಲೆ ಉರಿಯಿತು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದು ದಾನವಾಗಿರಲಿಲ್ಲ, ಅಷ್ಟೇ.

ಮುಂದೂಡಿಕೆ ಕೇಳುವುದು ಬಡವರ ಕೆಲಸ, ಅವಮಾನ ಎಂದು ಸಂಕೋಚಪಡುವ ಪೋಷಕರಿಗೆ ನಮ್ಮ ಬಡಾವಣೆಯ ಕಥೆಯನ್ನೇ ಹೇಳಬಹುದು. ಇಂಟರ್‌ನ್ಯಾಷನಲ್ ಸಿಟಿಯನ್ನು ಕಟ್ಟಿದ ನಖೀಲ್ ಕಂಪನಿ ಆಗ ದುಬೈ ವರ್ಲ್ಡ್ ಎಂಬ ಬೃಹತ್ ಸಂಸ್ಥೆಯ ಅಂಗವಾಗಿತ್ತು. 2009ರ ನವೆಂಬರ್ 25ರಂದು ದುಬೈ ವರ್ಲ್ಡ್ ತನಗೆ ಸಾಲ ಕೊಟ್ಟವರನ್ನು ಸುಮಾರು ಆರು ತಿಂಗಳ ಕಾಲಾವಕಾಶ ಕೇಳಿತು! ಡಿಸೆಂಬರ್ 14ರಂದು ಅಬುಧಾಬಿ 1,000 ಕೋಟಿ ಡಾಲರುಗಳ ನೆರವು ಪ್ರಕಟಿಸಿದ ಮೇಲೆಯೇ ನಖೀಲ್‌ನ ಗಡುವು ಮುಗಿದ ಬಾಂಡುಗಳ ಹಣ ಪಾವತಿಯಾಯಿತು. ದೊಡ್ಡವರೂ ಕೇಳುತ್ತಾರೆ, ಕೇಳಿದ್ದರಿಂದಲೇ ದಾರಿ ತೆರೆಯಿತು.

ಆ ಮಂದಗತಿಯ ದಿನಗಳಲ್ಲಿ ಇಲ್ಲಿ ಕೆಲಸ ಹೋದವರಿಗೆ ಇಲ್ಲದಿದ್ದ ಒಂದು ಆಸರೆ ಈಗ ಇದೆ. 2023ರ ಜನವರಿ 1ರಿಂದ ಖಾಸಗಿ ಕಂಪನಿ ಮತ್ತು ಫೆಡರಲ್ ಸರಕಾರದ ನೌಕರರಿಗೆ ಉದ್ಯೋಗನಷ್ಟ ವಿಮೆ ಕಡ್ಡಾಯವಾಗಿದೆ. ಮೂಲ ವೇತನ 16,000 ದಿರ್ಹಮ್‌ವರೆಗೆ ಇರುವವರು ತಿಂಗಳಿಗೆ 5 ದಿರ್ಹಮ್, ಅದಕ್ಕಿಂತ ಹೆಚ್ಚು ಇರುವವರು 10 ದಿರ್ಹಮ್ ಕಟ್ಟಬೇಕು, ತೆರಿಗೆ ಬೇರೆ. ಕೆಲಸ ಹೋದರೆ ಮೂಲ ವೇತನದ ಶೇ. 60ರಷ್ಟು, ಗರಿಷ್ಠ ಮೂರು ತಿಂಗಳು ಸಿಗುತ್ತದೆ. ತಿಂಗಳಿಗೆ ಮೊದಲ ವರ್ಗದವರಿಗೆ 10,000, ಎರಡನೆಯ ವರ್ಗದವರಿಗೆ 20,000 ದಿರ್ಹಮ್ ಮಿತಿ. 'ಮೂಲ ವೇತನ' ಎಂಬ ಪದವನ್ನು ಮತ್ತೊಮ್ಮೆ ಓದಿರಿ. ಒಟ್ಟು ಸಂಬಳ 9,000 ಇದ್ದರೂ ಕರಾರಿನಲ್ಲಿ ಮೂಲ ವೇತನ 5,000 ಎಂದಿದ್ದರೆ ಸಿಗುವುದು 3,000 ದಿರ್ಹಮ್. ಊರಿನ ಕಂತಿಗೆ ಅದು ಸಾಕಾಗಬಹುದು, ಇಲ್ಲಿಯ ಬಾಡಿಗೆಗೂ ಸೇರಿ ಸಾಲದು.

ಈ ವಿಮೆಯಲ್ಲಿ ಜನ ಎಡವುವ ಕಡೆಗಳಿವೆ. ಸತತ 12 ತಿಂಗಳು ವಿಮೆ ಕಟ್ಟಿರಬೇಕು. ತಾನಾಗಿ ರಾಜೀನಾಮೆ ಕೊಟ್ಟವರಿಗೆ, ಶಿಸ್ತುಕ್ರಮದಿಂದ ಕೆಲಸ ಕಳೆದುಕೊಂಡವರಿಗೆ ಸಿಗದು. ಕೆಲಸ ಹೋದ 30 ದಿನಗಳೊಳಗೆ ಅರ್ಜಿ ಹಾಕಬೇಕು. ಹೊಸ ಕೆಲಸ ಸಿಕ್ಕರೂ, ದೇಶ ಬಿಟ್ಟು ಹೋದರೂ ಹಣ ನಿಲ್ಲುತ್ತದೆ. ಬೇಸರದಲ್ಲಿ ಸಾಮಾನು ಕಟ್ಟಿ ಮರುವಾರವೇ ವಿಮಾನ ಹತ್ತುವವರು ಇದನ್ನು ತಿಳಿದಿರಬೇಕು. 'ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಬಿಡಿ, ನಿಮಗೇ ಒಳ್ಳೆಯದು' ಎಂದು ಯಾರಾದರೂ ಹೇಳಿದರೆ, ಆ ಸಹಿ ಈ ಹಣವನ್ನೂ ಕಸಿಯುತ್ತದೆ ಎಂಬುದು ನೆನಪಿರಲಿ. ಒಂದು ವರ್ಷ ಪೂರೈಸಿದವರಿಗೆ ಸೇವಾಂತ್ಯದ ಗ್ರಾಚ್ಯುಟಿ ಬೇರೆ ಇದೆ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನ. ಕಂಪನಿ ಅದನ್ನು 14 ದಿನಗಳೊಳಗೆ ಕೊಡಬೇಕೆಂದು ಕಾನೂನು ಹೇಳುತ್ತದೆ. ಚಿನ್ನ, ಉಡುಗೊರೆಗಳ ಮಾತು ಬರುವ ಮೊದಲು ಅದರಿಂದ ಆರು ಕಂತು ಎತ್ತಿಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಇನ್ನು ಊರಿನ ಬ್ಯಾಂಕು. ಕಂತು 90 ದಿನ ಮೀರಿ ಬಾಕಿಯಾದರೆ ಸಾಲ 'ವಸೂಲಾಗದ ಸಾಲ'ಗಳ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾನೂನಿನಂತೆ ಬ್ಯಾಂಕ್ 60 ದಿನಗಳ ನೋಟಿಸು ಕೊಟ್ಟು, ಹಣ ಬಾರದಿದ್ದರೆ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ನೋಟಿಸಿಗೆ ಆಕ್ಷೇಪಣೆ ಬರೆದರೆ ಬ್ಯಾಂಕು 15 ದಿನಗಳಲ್ಲಿ ಉತ್ತರಿಸಬೇಕು. ವಶಕ್ಕೆ ಕ್ರಮ ಕೈಗೊಂಡರೆ 45 ದಿನಗಳೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಅಷ್ಟು ದೂರ ಹೋಗುವ ಮೊದಲೇ, ಮೊದಲ ಕಂತು ತಪ್ಪುವ ಮುನ್ನ, ಕೆಲಸ ಹೋದ ಪತ್ರವನ್ನು ಲಗತ್ತಿಸಿ ಅವಧಿ ವಿಸ್ತರಿಸಿ ಕಂತು ಇಳಿಸುವಂತೆ ಶಾಖೆಗೆ ಬರವಣಿಗೆಯಲ್ಲಿ ಕೇಳಬೇಕು. ಕೊಡಲೇಬೇಕೆಂಬ ನಿಯಮವಿಲ್ಲ. ಆದರೂ ಇನ್ನೂ ಬಾಕಿ ಬೀಳದ ಸಾಲಗಾರನ ಮಾತಿಗೆ ಇರುವ ಬೆಲೆ, ಮೂರು ಕಂತು ತಪ್ಪಿಸಿದ ಮೇಲೆ ಉಳಿಯುವುದಿಲ್ಲ. ಬ್ಯಾಂಕು 30 ದಿನ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ನಮ್ಮಂಥ ಕುಟುಂಬಗಳಿಗೆ ಇನ್ನೊಂದು ಅಪಾಯವಿದೆ. ಬ್ಯಾಂಕಿನ ಪುಸ್ತಕದಲ್ಲಿರುವುದು ಊರಿನ ವಿಳಾಸ. ನೋಟಿಸು ಬೀಗ ಹಾಕಿದ ಮನೆಯ ಬಾಗಿಲಿಗೆ ಅಂಟಿಕೊಂಡಿರುತ್ತದೆ, ಇಲ್ಲವೇ ಬಾಡಿಗೆದಾರರ ಮೇಜಿನ ಮೇಲೆ ಬಿದ್ದಿರುತ್ತದೆ, 60 ದಿನಗಳು ಓಡುತ್ತಿರುತ್ತವೆ. ಈ ರಜೆಯಲ್ಲಿ ಊರಿಗೆ ಹೋದಾಗ ಶಾಖೆಗೆ ಒಮ್ಮೆ ಹೋಗಿ, ಇಲ್ಲಿಯ ವಿಳಾಸ, ಮೊಬೈಲ್ ಸಂಖ್ಯೆ, ಇ-ಮೇಲ್‌ಗಳನ್ನು ಸಾಲದ ಖಾತೆಯಲ್ಲಿ ಬರೆಸಿ ಬನ್ನಿ.