ಹಬ್ಬದ ತಕ್ಬೀರ್: ಯಾವಾಗ ಶುರು, ಎಲ್ಲಿಯವರೆಗೆ?

ಈದ್‌ನ ಚಂದ್ರದರ್ಶನವಾದ ಸುದ್ದಿ ಬಂದ ಮೇಲೆ ಮಸೀದಿಯಿಂದ ಒಂದೇ ಲಯದ ಘೋಷ ಕೇಳಿಬರುತ್ತದಲ್ಲ, ಅದೇ ತಕ್ಬೀರ್. 'ಅಲ್ಲಾಹು ಅಕ್ಬರ್' ಎರಡು ಸಲ, 'ಲಾ ಇಲಾಹ ಇಲ್ಲಲ್ಲಾಹು' ಒಮ್ಮೆ, ಮತ್ತೆ 'ವಲ್ಲಾಹು ಅಕ್ಬರ್, ಅಲ್ಲಾಹು ಅಕ್ಬರ್', ಕೊನೆಗೆ 'ವ ಲಿಲ್ಲಾಹಿಲ್ ಹಮ್ದ್'. ಅಲ್ಲಾಹನೇ ಎಲ್ಲಕ್ಕಿಂತ ದೊಡ್ಡವನು, ಅವನ ಹೊರತು ಆರಾಧ್ಯರಿಲ್ಲ, ಸ್ತುತಿಯೆಲ್ಲ ಅವನಿಗೇ ಎಂದು ಅರ್ಥ. ಮಕ್ಕಳಿಗೆ ಕಲಿಸುವಾಗ ಈ ಅರ್ಥವನ್ನೂ ಹೇಳಿಕೊಡಿ. ಬರೀ ಬಾಯಿಪಾಠ ಸಾಲದು.

ಎರಡೂ ಹಬ್ಬಕ್ಕೆ ಕ್ರಮ ಒಂದೇ ಅಲ್ಲ. ರಂಜಾನ್ ಹಬ್ಬದ್ದು ಚಿಕ್ಕ ಅವಧಿ. ಹಬ್ಬದ ಮುನ್ನಾ ಸಂಜೆ ಸೂರ್ಯ ಮುಳುಗಿದ ಮೇಲೆ ಶುರು, ಮರುದಿನ ಈದ್ ನಮಾಝಿಗೆ ಇಮಾಮರು ನಿಂತಾಗ ಮುಗಿಯಿತು. ಉಪವಾಸ ಪೂರ್ತಿಯಾದ ಮೇಲೆ ದೇವರ ಮಹಿಮೆ ಸಾರಬೇಕೆಂಬ ಮಾತು ಕುರ್‌ಆನಿನ ಅಲ್ ಬಕರ ಅಧ್ಯಾಯದ 185ನೇ ವಚನದಲ್ಲಿದೆ.

ಗೊಂದಲವೆಲ್ಲ ಬಕ್ರೀದಿನದು. ಹನಫಿ ಪಂಥದವರಲ್ಲಿ ರೂಢಿಯಲ್ಲಿರುವಂತೆ ಝುಲ್‌ಹಜ್ಜ್ ತಿಂಗಳ 9ರ, ಅಂದರೆ ಅರಫಾ ದಿನದ, ಫಜ್ರ್‌ನಿಂದ (ಮುಂಜಾನೆಯ ನಮಾಝ್) 13ರ ಅಸರ್‌ವರೆಗೆ (ಸಂಜೆಗೆ ಮುಂಚಿನದು) ಹೇಳಬೇಕು. ಮೊದಲ ನಾಲ್ಕು ದಿನ ಐದೈದು, ಕೊನೆಯ ದಿನ ಮೂರು, ಒಟ್ಟು 23 ನಮಾಝ್. ಪ್ರತಿ ಫರ್ಝ್, ಅಂದರೆ ಕಡ್ಡಾಯ ನಮಾಝಿನ ಕೊನೆಯ ಸಲಾಮ್ ಹೇಳಿದ ಕೂಡಲೇ, ಮಾತಾಡುವ ಮೊದಲು, ಒಮ್ಮೆ ಹೇಳಿದರೆ ಸಾಕು. ಗಂಡಸರು ಗಟ್ಟಿಯಾಗಿ, ಹೆಂಗಸರು ಮೆಲ್ಲಗೆ. ಮನೆಯಲ್ಲಿ ಒಬ್ಬರೇ ನಮಾಝ್ ಮಾಡಿದರೂ ಬಿಡುವಂತಿಲ್ಲ.

ಇಮಾಮರೇ ಮರೆತರೆ? ಹಿಂದೆ ನಿಂತವರು ಹೇಳಿಬಿಡಬೇಕು. ತಡವಾಗಿ ಸೇರಿದವರು ತಮ್ಮ ಉಳಿದ ರಕಅತ್ (ನಮಾಝಿನ ಒಂದೊಂದು ಆವರ್ತ) ಮುಗಿಸಿಯೇ ಹೇಳಬೇಕು.

ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿ ಪಂಥದವರು. ಅವರಲ್ಲಿ ಈ ತಕ್ಬೀರ್ ಸುನ್ನತ್, ಕಡ್ಡಾಯವಲ್ಲ. ಈದ್ ನಮಾಝಿನೊಳಗಿನ ಹೆಚ್ಚುವರಿ ತಕ್ಬೀರ್ ಕೂಡ ಬೇರೆ: ಶಾಫಿಗಳಲ್ಲಿ ಮೊದಲ ರಕಅತಿಗೆ 7, ಎರಡನೆಯದಕ್ಕೆ 5, ಹನಫಿಗಳಲ್ಲಿ ಮೂರು ಮೂರು. ಹನಫಿಗಳ ಎರಡನೇ ರಕಅತಿನಲ್ಲಿ ಅವು ಬರುವುದು ಕುರ್‌ಆನ್ ಪಠಣದ ನಂತರ. ಹೊಸಬರು ಎಡವುವುದು ಇಲ್ಲೇ. ಮೊದಲ 'ಅಲ್ಲಾಹು ಅಕ್ಬರ್' ಕೇಳುತ್ತಲೇ ರುಕೂಗೆ ಬಾಗಿಬಿಡುತ್ತಾರೆ. ಬಾಗಬೇಕಾದದ್ದು ನಾಲ್ಕನೆಯದಕ್ಕೆ. ಪರವೂರಿನ ಮಸೀದಿಯಲ್ಲಿದ್ದರೆ ಅಲ್ಲಿನ ಇಮಾಮರನ್ನೇ ಅನುಸರಿಸಿ. ಎರಡೂ ಕ್ರಮ ಸರಿಯೇ, ವಾದ ಬೇಡ.

ಉಚ್ಚಾರಣೆ ತಿದ್ದಿಕೊಳ್ಳಲು ಮೊಹಲ್ಲಾದ ಇಮಾಮರನ್ನೋ ಮದ್ರಸದ ಉಸ್ತಾದರನ್ನೋ ಕೇಳಿ. ಗೋಡೆಯ ಕ್ಯಾಲೆಂಡರನ್ನೇ ನಂಬಬೇಡಿ. ಚಂದ್ರದರ್ಶನದಿಂದ ತಾರೀಖು ಒಂದು ದಿನ ಆಚೀಚೆ ಆಗಬಹುದು. ನಿಮ್ಮೂರಿನ ಖಾಝಿಗಳ ಘೋಷಣೆ ಕೇಳಿಕೊಂಡೇ ದಿನ ಎಣಿಸಿ.