ಎತ್ತರ ಅಳೆಯುವ ಗಡಿಯಾರ

ಗೋಡೆ ಪಕ್ಕ ನಿಂತು ಕೈ ಚಾಚಿ ಒಂದು ಗುರುತು. ಬೆರಳಿಗೆ ಸೀಮೆಸುಣ್ಣ ಬಳಿದುಕೊಂಡು, ಜಿಗಿದು ಇನ್ನೊಂದು ಗುರುತು. ಎರಡರ ನಡುವಿನ ಅಂತರವೇ ಜಿಗಿತದ ಎತ್ತರ. ಅಮೆರಿಕದ ಡಡ್ಲಿ ಸಾರ್ಜೆಂಟ್ 1921ರಲ್ಲಿ ಪ್ರಕಟಿಸಿದ ಜಿಗಿತದ ಪರೀಕ್ಷೆಯಿಂದ ಬೆಳೆದು ಬಂದ ಈ ಪದ್ಧತಿ ಇಂದಿಗೂ ಮೈದಾನಗಳಲ್ಲಿ ನಡೆಯುತ್ತದೆ. ಖರ್ಚಿಲ್ಲ, ನಿಜ. ಆದರೆ ಭುಜ ಎಷ್ಟು ಚಾಚಿತು, ಗೋಡೆ ಮುಟ್ಟಿದ್ದು ಸರಿಯಾದ ಗಳಿಗೆಯಲ್ಲೇ ಎಂಬುದೆಲ್ಲ ಕಾಲಿನ ಬಲದ ಲೆಕ್ಕದೊಳಗೆ ನುಸುಳಿಬಿಡುತ್ತದೆ. ಪ್ರಯೋಗಾಲಯದ ಫೋರ್ಸ್ ಪ್ಲೇಟ್‌ಗೆ ಈ ತೊಡಕಿಲ್ಲ. ಪಾದ ನೆಲವನ್ನು ಒತ್ತುವ ಬಲವನ್ನು ಅದು ಸೆಕೆಂಡಿಗೆ ಸಾವಿರ ಸಲ ಅಳೆಯಬಲ್ಲದು. ಬೆಲೆ ಮಾತ್ರ ಲಕ್ಷಗಳಲ್ಲಿ.

ಅಗ್ಗದ ದಾರಿ ತೋರಿಸಿದ್ದು ಹೈಸ್ಕೂಲಿನ ಭೌತಶಾಸ್ತ್ರ. ದೇಹ ಏರಲು ತೆಗೆದುಕೊಂಡಷ್ಟೇ ಹೊತ್ತನ್ನು ಇಳಿಯಲೂ ತೆಗೆದುಕೊಳ್ಳುತ್ತದೆ. ಹಾಗಾಗಿ ಪಾದ ನೆಲ ಬಿಟ್ಟ ಕ್ಷಣ, ಮತ್ತೆ ತಾಗಿದ ಕ್ಷಣ, ಇವೆರಡು ಸಿಕ್ಕರೆ ಸಾಕು, ಎತ್ತರ ಅಳೆಯುವ ಕೆಲಸವೇ ಇಲ್ಲ. ಗಾಳಿಯಲ್ಲಿದ್ದ ಸೆಕೆಂಡುಗಳ ವರ್ಗವನ್ನು 122.6ರಿಂದ ಗುಣಿಸಿದರೆ ಉತ್ತರ ಸೆಂಟಿಮೀಟರಿನಲ್ಲಿ ಬರುತ್ತದೆ. ಅರ್ಧ ಸೆಕೆಂಡಿಗೆ ಸುಮಾರು 31, 0.6 ಸೆಕೆಂಡಿಗೆ 44. ಇದೇ ಲೆಕ್ಕದ ಮೇಲೆ ನಡೆಯುವ ಚಾಪೆಯನ್ನು 1980ರ ದಶಕದಲ್ಲಿ ಬಳಕೆಗೆ ತಂದವರು ಇಟಲಿಯ ಕಾರ್ಮೆಲೊ ಬೊಸ್ಕೊ. ಬಾರ್ಸಿಲೋನಾದ ಕ್ರೋನೋಜಂಪ್ ಯೋಜನೆ ಅಂಥ ಚಾಪೆಗೆ ಬೇಕಾದ ಸಾಫ್ಟ್‌ವೇರನ್ನು ಮುಕ್ತವಾಗಿ ಹಂಚಿದೆ.

ಚಾಪೆಯೊಳಗೆ ಇರುವುದು ಇಷ್ಟೇ: ಎರಡು ಲೋಹದ ಹಾಳೆ, ನಡುವೆ ತೂತು ತೂತಾದ ಸ್ಪಂಜು. ಪಾದ ಒತ್ತಿದಾಗ ತೂತುಗಳಲ್ಲಿ ಹಾಳೆಗಳು ಒಂದನ್ನೊಂದು ಮುಟ್ಟಿ ಕರೆಂಟು ಹರಿಯುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ಆರ್ಡುಯಿನೊದಂಥ ಪುಟ್ಟ ಬೋರ್ಡು ಆ ಹೊತ್ತನ್ನು ದಾಖಲಿಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಬೋರ್ಡು, ವೈರು ಎಲ್ಲ ಕೈಗೆ ಬರುತ್ತವೆ. ಫಜೀತಿ ಇರುವುದು ಬೇರೆ ಕಡೆ. ಕಾಲು ಇಳಿದಾಗ ಹಾಳೆಗಳು ಒಂದೇ ಏಟಿಗೆ ಕೂಡಿಕೊಳ್ಳುವುದಿಲ್ಲ, ಕೆಲವು ಮಿಲಿಸೆಕೆಂಡು ತಾಗಿ, ಬಿಟ್ಟು, ತಾಗಿ ಅದುರುತ್ತವೆ. ಬೋರ್ಡಿಗೆ ಅದು ನಾಲ್ಕಾರು ಚಿಕ್ಕ ಜಿಗಿತವಾಗಿ ಕಾಣುತ್ತದೆ! ಮೊದಲ ತಾಗುವಿಕೆಯನ್ನೇ ಹಿಡಿದು, ಮುಂದಿನ ಅದುರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಪ್ರೋಗ್ರಾಂ ಬರೆಯಬೇಕು. ಚಾಪೆ ಬೇಡವೆಂದು ನೆಲಕ್ಕೆ ಅಂಟಿದಂತೆ ಲೇಸರ್ ಕಿರಣ ಹಾಯಿಸುವವರೂ ಇದ್ದಾರೆ. ಅಲ್ಲಿ ಬೆಳಕು ಗುರುತಿಸಲು ಎಲ್‌ಡಿಆರ್ ಹಾಕಿದರೆ ಕೆಲಸ ಕೆಟ್ಟಿತು. ಬೆಳಕು ಬದಲಾದದ್ದು ಅದಕ್ಕೆ ತಿಳಿಯಲು ಹತ್ತಾರು ಮಿಲಿಸೆಕೆಂಡು ಬೇಕು. ಫೋಟೊಟ್ರಾನ್ಸಿಸ್ಟರ್ ಚುರುಕು, ದುಬಾರಿಯೂ ಅಲ್ಲ. ಅರ್ಧ ಸೆಕೆಂಡಿನ ಜಿಗಿತದಲ್ಲಿ ಹತ್ತು ಮಿಲಿಸೆಕೆಂಡು ತಪ್ಪಿದರೆ ಎತ್ತರ 1.2 ಸೆಂ.ಮೀ. ತಪ್ಪುತ್ತದೆ. ಕೆಲವು ವಾರದ ತಾಲೀಮಿನಿಂದ ಗಿಟ್ಟುವುದೇ ಒಂದೆರಡು ಸೆಂಟಿಮೀಟರ್ ಇರಬಹುದು.

ಒಳ್ಳೆಯ ಫೋನಿದ್ದರೆ ಇಷ್ಟೂ ಬೇಕಿಲ್ಲ. ಸ್ಪೇನಿನ ಕಾರ್ಲೋಸ್ ಬಾಲ್ಸಾಲೊಬ್ರೆ ರೂಪಿಸಿದ 'ಮೈ ಜಂಪ್' ಆ್ಯಪ್‌ನಲ್ಲಿ ಕಾಲು ಎದ್ದ, ಇಳಿದ ಚೌಕಟ್ಟುಗಳನ್ನು ವಿಡಿಯೊದಲ್ಲಿ ನಾವೇ ಆರಿಸಬೇಕು. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ಅಂಕಿಗಳು ಫೋರ್ಸ್ ಪ್ಲೇಟಿನವಕ್ಕೆ ಬಹಳ ಹತ್ತಿರ ಬಂದಿದ್ದವು. ಸೆಕೆಂಡಿಗೆ 240 ಚೌಕಟ್ಟಿನ ಸ್ಲೋ ಮೋಷನ್ ಆದರೆ ಒಂದು ಚೌಕಟ್ಟಿಗೆ 4 ಮಿಲಿಸೆಕೆಂಡು. 30 ಚೌಕಟ್ಟಿನ ಮಾಮೂಲಿ ವಿಡಿಯೊದಲ್ಲಿ ಒಂದೇ ಚೌಕಟ್ಟು ಹೆಚ್ಚುಕಡಿಮೆಯಾದರೂ 4 ಸೆಂ.ಮೀ. ಏರುಪೇರು.

ಸೊಂಟಕ್ಕೆ ಕಟ್ಟುವ ಆಕ್ಸೆಲರೋಮೀಟರಿನ ಸೊಗಸೇ ಬೇರೆ. ನೆಲದ ಮೇಲೆ ಸುಮ್ಮನೆ ನಿಂತಾಗ ಗುರುತ್ವದಷ್ಟು ತೋರಿಸುವ ಅದು, ಗಾಳಿಯಲ್ಲಿದ್ದಾಗ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ಆ ಸೊನ್ನೆಯ ಹೊತ್ತೇ ಜಿಗಿತದ ಹೊತ್ತು. ವೇಗೋತ್ಕರ್ಷದಿಂದ ವೇಗ, ವೇಗದಿಂದ ದೂರ ಎಂದು ಲೆಕ್ಕ ಕಟ್ಟಲು ಹೊರಟರೆ ಮಾತ್ರ ಪ್ರತಿ ಹಂತದಲ್ಲೂ ದೋಷ ಬೆಳೆಯುತ್ತದೆ. ಪಂದ್ಯದಲ್ಲಿ ಎಷ್ಟು ಸಲ ಜಿಗಿದರೆಂದು ಎಣಿಸಲಿಕ್ಕೆ ಇದಕ್ಕಿಂತ ಅನುಕೂಲದ ಸಾಧನ ಇಲ್ಲವೆಂದೇ ನನ್ನ ಎಣಿಕೆ. ಮಂಡಿನೋವಿನ ಕಾಟವಿರುವ ವಾಲಿಬಾಲ್ ಆಟಗಾರರಿಗೆ ಆ ಎಣಿಕೆಯೇ ಎತ್ತರಕ್ಕಿಂತ ಮುಖ್ಯ.

ಗಾಳಿಯಲ್ಲಿದ್ದ ಹೊತ್ತನ್ನು ನಂಬುವ ಯಾವ ಸಾಧನಕ್ಕೂ ಚಳ್ಳೆಹಣ್ಣು ತಿನ್ನಿಸುವುದು ಸುಲಭ: ಇಳಿಯುವಾಗ ಮಂಡಿ ಮಡಿಸಿದರಾಯಿತು. ಪಾದ ತಡವಾಗಿ ತಾಗುತ್ತದೆ, ಎತ್ತರ ಪುಕ್ಕಟೆ ಏರುತ್ತದೆ. ಎದ್ದಾಗ ಇದ್ದಂತೆಯೇ ಕಾಲು ನೀಟಾಗಿ, ಮುಂಗಾಲಿನ ಮೇಲೆ ಇಳಿಯಿರಿ, ಕೈ ಸೊಂಟದ ಮೇಲಿರಲಿ ಎಂದು ಕೋಚ್‌ಗಳು ಪಟ್ಟು ಹಿಡಿಯುವುದು ಅದಕ್ಕೇ. ಈ ಶಿಸ್ತು ಇದ್ದರೆ ಬಿರುಸಿನ ಪಂದ್ಯದ ಮರುದಿನ ಆಟಗಾರ್ತಿಯ ಕಾಲು ದಣಿದಿದೆಯೇ ಎಂಬುದರ ಸುಳಿವನ್ನು ಮನೆಯಲ್ಲೇ ಮಾಡಿದ ಚಾಪೆಯೂ ಕೊಟ್ಟೀತು. ಹೋಲಿಸಲು ಅವಳದೇ ಹಳೆಯ ಅಂಕಿ ಬೇಕು, ಅದೂ ಅದೇ ಚಾಪೆಯ ಮೇಲೆ ತೆಗೆದದ್ದು. ಹೋದ ತಿಂಗಳು ಫೋನಿನಲ್ಲಿ ತೆಗೆದ ಅಂಕಿಯ ಪಕ್ಕ ಇಂದಿನ ಚಾಪೆಯ ಅಂಕಿ ಇಟ್ಟರೆ, ಕಂಡ ವ್ಯತ್ಯಾಸ ಕಾಲಿನದೋ ಸಾಧನದ್ದೋ ಹೇಳಲಾಗದು.